ಅರಗಿನ ಬಣ್ಣ

ರಾಜಧಾನಿ, ಬಾಡಿಗೆ ಕೋಣೆ
ಮಾರ್ಚ್ ಹದಿನಾಲ್ಕು, ಭಾನುವಾರ ಬೆಳಿಗ್ಗೆ

ಪ್ರೀತಿಯ ಚಿಕ್ಕಮ್ಮಾ,

ನಿನ್ನ ಮೊಣಕಾಲು ನೋವು ಹೇಗಿದೆ? ಕೆಲಸವಿಲ್ಲದೆ ಕುಳಿತರೆ ಅದು ಜಾಸ್ತಿಯಾಗುತ್ತದೆ ಎಂದು ನೀನೇ ಹೇಳುತ್ತಿದ್ದೆ. ಈಗ ಮೂರು ವಾರದಿಂದ ಕುಳಿತೇ ಇದ್ದೀಯ, ಹಾಗಾಗಿ ಕೇಳುವುದಕ್ಕೂ ನಾಚಿಕೆ. ಚಿಕ್ಕಪ್ಪನ ಕೆಮ್ಮು ಇಳಿಯಿತೇ? ನಾನು ಚೆನ್ನಾಗಿದ್ದೇನೆ, ಹೊತ್ತು ಹೊತ್ತಿಗೆ ತಿನ್ನುತ್ತಿದ್ದೇನೆ, ಅಂಗಿಯ ಗುಂಡಿ ನಾನೇ ಹೊಲಿದುಕೊಳ್ಳುವುದನ್ನು ಕಲಿತಿದ್ದೇನೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ನಾಲ್ಕು ಸಲ ನಂಬರ್ ಒತ್ತಿ ಇಟ್ಟುಬಿಟ್ಟೆ. ನಿನ್ನ ದನಿ ಕೇಳಿದ ತಕ್ಷಣ ನಾನು ಮಾತು ತಿರುಗಿಸುತ್ತೇನೆಂದು ನನಗೆ ಗೊತ್ತು. ಅದರಲ್ಲಿ ಪಳಗಿದವನು ಎಂದೇ ಇಲ್ಲಿ ಕೆಲಸ ಕೊಟ್ಟಿದ್ದಾರೆ.

ನನ್ನ ದಿನ ಹೇಗೆಂದರೆ, ಬೆಳಿಗ್ಗೆ ಸಚಿವಾಲಯದ ಪತ್ರಕರ್ತರ ಕೋಣೆಗೆ ಹೋಗುತ್ತೇನೆ. ಕಾಲು ಅಲುಗಾಡುವ ಮೇಜು, ಹೋದ ವರ್ಷದ ಕ್ಯಾಲೆಂಡರ್, ಬಾಯಿಗೆ ಅಂಟುವಷ್ಟು ಸಕ್ಕರೆ ಹಾಕಿದ ಚಹಾ. ಅಧಿಕಾರಿಗಳು ಬಂದು ಹೊಸ ನಿಯಮ ಓದುತ್ತಾರೆ. ಆ ನಿಯಮ ಯಾಕೆ ಇರಬಾರದು ಎಂದು ನಾನು ಸಂಜೆಯೊಳಗೆ ಬರೆಯುತ್ತೇನೆ. ಸರ್ಕಾರ ಯಾರ ತಂಟೆಗೂ ಬರದೆ ತೆಪ್ಪಗಿದ್ದರೆ ಜನ ತಮ್ಮ ಪಾಡಿಗೆ ತಾವು ಬದುಕಿಕೊಳ್ಳುತ್ತಾರೆ ಅನ್ನುವುದು ನನ್ನ ವಾದ. ನಮ್ಮಂಥವರನ್ನು ಲಿಬರ್ಟೇರಿಯನ್ ಅನ್ನುತ್ತಾರೆ ಎಂದು ವಿವರಿಸಿದಾಗ ನೀನು, "ಅಂದ್ರೆ ನಿಮ್ ಚಿಕ್ಕಪ್ಪನ ಹಾಗೆ, ಯಾರ ಮಾತೂ ಕೇಳದೋರು," ಅಂದಿದ್ದೆ. ಅದನ್ನು ಕಚೇರಿಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ನಿನ್ನ ಮಾತನ್ನು ನನ್ನದೆಂಬಂತೆ ಬಳಸಿಕೊಳ್ಳುವ ಚಾಳಿ ನನಗೆ ಆಗಲೇ ಇತ್ತು.

ಯಾವ ವಾದಕ್ಕೂ ಒಬ್ಬ ಮನುಷ್ಯ ಬೇಕು, ಮನುಷ್ಯನಿಲ್ಲದ ಅಂಕಣವನ್ನು ಯಾರೂ ಓದುವುದಿಲ್ಲ ಎಂದು ನಮ್ಮ ಸಂಪಾದಕರು ದಿನಕ್ಕೆ ಹತ್ತು ಸಲ ಹೇಳುತ್ತಾರೆ. ನನಗೆ ನೀನು ಸಿಕ್ಕಿದೆ. ಇಪ್ಪತ್ತಾರು ವರ್ಷದಿಂದ ಲೈಸೆನ್ಸ್ ಇಲ್ಲದೆ ಹಲ್ಲಿನ ಸೆಟ್ ಕಟ್ಟಿಕೊಡುತ್ತಿರುವ ಹೆಂಗಸು, ದೊಡ್ಡ ಆಸ್ಪತ್ರೆಯ ಮೆಟ್ಟಿಲು ಹತ್ತಲಾಗದ ಮುದುಕರೆಲ್ಲ ಅವಳ ದಯೆಯಿಂದ ಅಗಿದು ತಿನ್ನುತ್ತಿದ್ದಾರೆ, ಅವಳಿಗೆ ಯಾವ ಕಾಗದ ಬೇಕು ಎಂದು ಬರೆದೆ. ನನ್ನ ಚಿಕ್ಕಮ್ಮ ಎಂದೆ, ನಿನ್ನ ಹೆಸರು ಹಾಕಲಿಲ್ಲ. ಆದರೆ ಬಸ್ ನಿಲ್ದಾಣದ ಹಿಂದಿನ ಬೀದಿ, ನೀಲಿ ಗೇಟು, ಪಕ್ಕದಲ್ಲಿ ಟೈಲರ್ ಅಂಗಡಿ, ಕಿಟಕಿಯಲ್ಲಿ ಒಣಗುವ ಪ್ಲಾಸ್ಟರ್ ದವಡೆಗಳು, ಯಾವುದನ್ನೂ ಬಿಡಲಿಲ್ಲ. ಡೆಸ್ಕಿನ ಹಿರಿಯಾಕೆ ಓದಿ, "ಗೇಟಿನ ಬಣ್ಣನಾದ್ರೂ ಬದಲಾಯಿಸಪ್ಪ," ಅಂದರು. ವಿವರ ಇದ್ದರೇ ಬರಹಕ್ಕೆ ಜೀವ ಎಂದು ಅವರಿಗೇ ಪಾಠ ಹೇಳಿದೆ. ಅವರು ಹಾಗೇ ಅಚ್ಚಿಗೆ ಕಳಿಸಿದರು. ನೀನೋ, ಅದನ್ನು ಕತ್ತರಿಸಿ ಕನ್ನಡಿಯ ಪಕ್ಕ ಅಂಟಿಸಿಕೊಂಡೆ.

ಹನ್ನೆರಡು ದಿನ ಕಳೆದು ಆರೋಗ್ಯ ಇಲಾಖೆಯವರು ಬಂದು ನಿನ್ನ ಕೆಲಸದ ಕೋಣೆಗೆ ಬೀಗ ಹಾಕಿದರು. ನೀನು ಅಳುತ್ತಾ ಫೋನ್ ಮಾಡಿದ ಆ ಬುಧವಾರ ನಾನು ಎಷ್ಟೊಂದು ಪ್ರಶ್ನೆ ಕೇಳಿದೆ, ನೆನಪಿದೆಯೇ? ಎಷ್ಟು ಜನ ಬಂದಿದ್ದರು, ಯಾರು ಮೊದಲು ಒಳಗೆ ಕಾಲಿಟ್ಟರು, ಬಾಗಿಲಿಗೆ ಒತ್ತಿದ ಅರಗು ಯಾವ ಬಣ್ಣ, ಎಲ್ಲ. "ಕೆಂಪು ಕಣೋ," ಅಂದೆ ನೀನು, ಮೂಗು ಒರೆಸಿಕೊಳ್ಳುತ್ತಾ. ಇಷ್ಟು ಕಾಳಜಿಯಿಂದ ವಿಚಾರಿಸಿದವನು ಇವನೊಬ್ಬನೇ ಎಂದು ಆಮೇಲೆ ಚಿಕ್ಕಪ್ಪನ ಹತ್ತಿರ ಹೇಳಿದೆಯಂತೆ. ಶುಕ್ರವಾರ 'ಚಿಕ್ಕಮ್ಮನ ಬಾಗಿಲಿಗೆ ಕೆಂಪು ಅರಗು' ಅಚ್ಚಾಯಿತು. ಟೀವಿಯವರು ಕರೆದರು, ಶಾಸಕರೊಬ್ಬರು ಸಭೆಯಲ್ಲಿ ಅದನ್ನು ಎತ್ತಿ ಹಿಡಿದು ಓದಿದರು, ಇಷ್ಟು ಬೇಗ ಇಷ್ಟು ಚೆನ್ನಾಗಿ ಹೇಗೆ ಬರೆದೆಯೋ ಎಂದು ಸಂಪಾದಕರು ಬೆನ್ನು ತಟ್ಟಿದರು. ನಾನು ಉಬ್ಬಿಹೋದೆ. ನೀನು ಅದನ್ನೂ ಕತ್ತರಿಸಿ ಕನ್ನಡಿಯ ಇನ್ನೊಂದು ಪಕ್ಕಕ್ಕೆ ಅಂಟಿಸಿದೆ.

ಅಷ್ಟರಲ್ಲಿ ನೀನು ಟೈಲರ್ ಅಕ್ಕನ ಜೊತೆ ಮಾತು ಬಿಟ್ಟೆ. ಗಿರಾಕಿಗಳು ಅವಳ ಮೆಟ್ಟಿಲ ಮೇಲೆ ಕುಳಿತು ಕಾಯುತ್ತಾರೆಂದು ಅವಳು ಒಮ್ಮೆ ಗೊಣಗಿದ್ದಳು, ಅಷ್ಟಕ್ಕೇ ದೂರು ಕೊಟ್ಟವಳು ಅವಳೇ ಎಂದು ತೀರ್ಮಾನಿಸಿದೆ. ನಿನ್ನ ಕರೆಂಟು ಹೋದಾಗಲೆಲ್ಲ ತನ್ನ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಕಾಯಿಸಿ ಮೇಣ ಕರಗಿಸಲು ತಂದುಕೊಟ್ಟವಳು ಅವಳು. ಬೀದಿಯಲ್ಲಿ ಎದುರಾದರೂ ಮುಖ ತಿರುಗಿಸುತ್ತೀಯಂತೆ.

ಮೊನ್ನೆ ಮಂಗಳವಾರ ಆರೋಗ್ಯ ಇಲಾಖೆಗೆ ಹೋಗಿದ್ದೆ. ನಿವೃತ್ತ ಮೇಷ್ಟ್ರ ಮೇಲ್ದವಡೆಯ ಸೆಟ್ ರಿಪೇರಿಗೆ ಬಂದದ್ದು ಅವರು ಹೊತ್ತೊಯ್ದ ಪೆಟ್ಟಿಗೆಯಲ್ಲೇ ಸಿಕ್ಕಿಹಾಕಿಕೊಂಡಿದೆ, ಪಾಪ ಗಂಜಿ ಕುಡಿದುಕೊಂಡಿದ್ದಾರೆ ಎಂದು ನೀನು ಹೇಳಿದ್ದು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಯಾವ ಕಚೇರಿಗಳನ್ನು ಮುಚ್ಚಬೇಕೆಂದು ಬರೆಯುತ್ತೇನೋ ಅಲ್ಲೇ ಟೋಕನ್ ಹಿಡಿದು ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕುಳಿತಿದ್ದೆ. ಗುಮಾಸ್ತರು ನಿನ್ನ ಅಚ್ಚುಗಳ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟರು. ಮೇಷ್ಟ್ರದ್ದನ್ನು ಹುಡುಕುವಾಗ ಒಂದು ಪುಟ್ಟ ಅಚ್ಚು ಸಿಕ್ಕಿತು, ಅಡಿಯಲ್ಲಿ ಪೆನ್ಸಿಲಿನಲ್ಲಿ 'ಮೊಂಡ' ಎಂದು ನಿನ್ನ ಅಕ್ಷರ. ಕೈ ಪಳಗಲಿ ಎಂದು ನೀನು ಮೊದಲು ಅಚ್ಚು ತೆಗೆದದ್ದು ನನ್ನ ಬಾಯಿಯದೇ ಅಲ್ಲವೇ, ಅಮ್ಮ ತೀರಿಕೊಂಡ ವರ್ಷ? ಮಕ್ಕಳಿಗೂ ಹಲ್ಲು ಕಟ್ಟುತ್ತಿದ್ದರೇ ಎಂದು ಗುಮಾಸ್ತರು ಕೇಳಿದರು. ಅದು ನನ್ನದು ಅಂದೆ. ಅವರು ನನ್ನ ಬಾಯನ್ನೇ ನೋಡಿದರು, ನಾನು ತುಟಿ ಮುಚ್ಚಿಕೊಂಡೆ. ಮೇಷ್ಟ್ರ ಸೆಟ್ ಬಿಟ್ಟುಕೊಟ್ಟರು, ಪಾರ್ಸೆಲ್ ಮಾಡಿದ್ದೇನೆ. ರಸೀದಿಗೆ ಸಹಿ ಹಾಕಲು ಫೈಲು ತೆರೆದರು. ಅದರಲ್ಲಿ ಯಾರ ದೂರೂ ಇರಲಿಲ್ಲ ಚಿಕ್ಕಮ್ಮಾ. ಮೊದಲ ಹಾಳೆಯೇ ನನ್ನ ಮೊದಲ ಅಂಕಣ. ನೀಲಿ ಗೇಟು, ಟೈಲರ್ ಅಂಗಡಿ ಅನ್ನುವ ಸಾಲುಗಳ ಕೆಳಗೆ ಗೆರೆ ಎಳೆದಿದ್ದರು.

ದಾರಿ ತೋರಿಸಿದವನು ನಾನು. ಟೈಲರ್ ಅಕ್ಕನದು ಏನೂ ತಪ್ಪಿಲ್ಲ. ಈ ಪತ್ರ ಓದಿ ಮುಗಿಸಿದ ಕೂಡಲೇ ಅವಳ ಬಾಗಿಲು ತಟ್ಟು, ಬೈಯುವುದಿದ್ದರೆ ಇಬ್ಬರೂ ಸೇರಿ ನನ್ನನ್ನು ಬೈಯಿರಿ. ಇಪ್ಪತ್ತೆರಡನೇ ತಾರೀಕು ನಿನ್ನ ವಿಚಾರಣೆಗೆ ನಾನು ಬರುತ್ತೇನೆ, ಪೆನ್ನು ಪುಸ್ತಕ ತರುವುದಿಲ್ಲ. ಚಿಕ್ಕಪ್ಪನಿಗೆ, ಮೇಷ್ಟ್ರಿಗೆ ನಮಸ್ಕಾರ ಹೇಳು. ನಿನ್ನ ಆಶೀರ್ವಾದ ಕೇಳುವ ಮುಖ ಈ ಸಲ ನನಗಿಲ್ಲ.

ನಿನ್ನ
ಮೊಂಡ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚಿದವನು ಮತ್ತೆ ಬಿಚ್ಚಿ ಕುಳಿತಿದ್ದೇನೆ. ಮರೆತದ್ದಲ್ಲ, ಬಿಟ್ಟದ್ದು. ಮೇಲಿನದು ಬುದ್ಧಿಗೇಡಿತನ, ಅದನ್ನು ನೀನು ಕ್ಷಮಿಸುತ್ತೀಯ. ಇದನ್ನು ಕೇಳು. ಅವರು ಬರುವ ಎರಡು ದಿನ ಮೊದಲು, ಸೋಮವಾರ, ಇಲಾಖೆಯ ಅಧಿಕಾರಿಯೊಬ್ಬರು ಚಹಾ ಕುಡಿಯುತ್ತಾ ನನ್ನ ಪಕ್ಕಕ್ಕೆ ಬಂದು, "ಬುಧವಾರ ನಿಮ್ಮ ಹಲ್ಲಿನ ಚಿಕ್ಕಮ್ಮನ ಕಡೆ ಹೋಗ್ತಾ ಇದೀವಿ, ಒಂದು ಮಾತು ಹೇಳಿಬಿಡಿ ಅವರಿಗೆ," ಅಂದರು. ಒಳ್ಳೆಯ ಮನುಷ್ಯ. ನಿನಗೆ ಒಂದು ಫೋನ್ ಮಾಡಿದ್ದರೆ ನೀನು ಎಲ್ಲವನ್ನೂ ಟೈಲರ್ ಅಕ್ಕನ ಹಿತ್ತಲಿಗೆ ಸಾಗಿಸಿರುತ್ತಿದ್ದೆ. ನಾನು ಮಾಡಲಿಲ್ಲ. ಅವರು ಬಂದು ಬೀಗ ಹಾಕಿದರೆ ನನ್ನ ವಾದ ಗೆದ್ದಂತೆ ಅನ್ನಿಸಿತು. ಕನ್ನಡಿಯ ಎಡಕ್ಕೆ ಅಂಟಿಸಿದ್ದೀಯಲ್ಲ, ಆ ಎರಡನೇ ಅಂಕಣ, ಅದನ್ನು ಆ ಸೋಮವಾರ ಸಂಜೆಯೇ ಬರೆದು ಇಟ್ಟಿದ್ದೆ. ಬುಧವಾರ ನೀನು ಅಳುತ್ತಿದ್ದಾಗ ಅದರಲ್ಲಿ ಖಾಲಿ ಬಿಟ್ಟಿದ್ದು ಅರಗಿನ ಬಣ್ಣ ಒಂದೇ.