ಪೆಟ್ಟಿಗೆ ಕೂಗಿದ ದಿನ

ಮಾರ್ಚ್ ೯, ಭಾನುವಾರ

ನನ್ನ ಪುಟ್ಟಿ,

ಮೊದಲು ತಪ್ಪೊಪ್ಪಿಕೊಳ್ಳುತ್ತೇನೆ. ಚಿಕ್ಕಮ್ಮನ ಮನೆಯಲ್ಲಿದ್ದೇನೆ ಎಂದು ಫೋನಿನಲ್ಲಿ ಹೇಳಿದ್ದು ಸುಳ್ಳು. ನಾನಿರುವುದು ನಿನ್ನ ಅಪ್ಪನ ಮನೆಯಲ್ಲಿ, ಕ್ಷೌರದಂಗಡಿಯ ಮೇಲಿನ ಅದೇ ಎರಡು ಕೋಣೆಗಳಲ್ಲಿ. ಸಿಟ್ಟು ಮಾಡಿಕೊಳ್ಳುವುದಾದರೆ ಪೂರ್ತಿ ಓದಿ ಮಾಡಿಕೊ.

ಅವರ ಹೃದಯ ಸೋತುಹೋಗಿತ್ತು. ಮನೆಯ ಮೆಟ್ಟಿಲು ಹತ್ತಲು ನಾಲ್ಕು ಕಡೆ ಕೂರುತ್ತಿದ್ದರಂತೆ. ಹೃದಯಕ್ಕೆ ಪಂಪು ಜೋಡಿಸಲೇಬೇಕು, ಆದರೆ ಅದನ್ನು ನೋಡಿಕೊಳ್ಳಲು ಕಲಿತವರೊಬ್ಬರು ಮನೆಯಲ್ಲಿರಬೇಕು ಎಂದರಂತೆ ಡಾಕ್ಟರು. ಯಾರಿದ್ದಾರೆ ಎಂದು ಕೇಳಿದಾಗ ನನ್ನ ಹೆಸರು ಹೇಳಿದರಂತೆ. ಒಂಬತ್ತು ವರ್ಷ ನನ್ನ ಸುದ್ದಿಯೆತ್ತದ ಮನುಷ್ಯ! ನರ್ಸ್ ಫೋನ್ ಮಾಡಿದಾಗ ಆಗುವುದಿಲ್ಲ ಎನ್ನಲೆಂದೇ ಬಾಯಿ ತೆರೆದೆ. "ಎಷ್ಟು ಗಂಟೆಗೆ ಬರ್ಬೇಕು?" ಎಂಬ ಮಾತು ಹೊರಬಿತ್ತು.

ಈಗ ಪಂಪು ಎದೆಯೊಳಗಿದೆ. ಹೊಟ್ಟೆಯಿಂದ ಹೊರಬರುವ ವೈರು ಸೊಂಟದ ಪುಟ್ಟ ಪೆಟ್ಟಿಗೆಗೆ, ಅಲ್ಲಿಂದ ಎರಡು ಬ್ಯಾಟರಿಗಳಿಗೆ. ವೈರು ಹೊರಬರುವ ಜಾಗವನ್ನು ಶುಚಿಮಾಡಿ ಪಟ್ಟಿ ಹಾಕುವವಳು ನಾನೇ. ಬ್ಯಾಟರಿಯನ್ನು ಒಂದಾದ ಮೇಲೆ ಒಂದರಂತೆ ಬದಲಿಸಬೇಕು. ಎರಡನ್ನೂ ಒಟ್ಟಿಗೆ ಮುಟ್ಟಬಾರದು. ಅವನ್ನು ಹೊರಲು ಎರಡೂ ಬಗಲಿಗೆ ಜೇಬಿಟ್ಟು, ಕೈಹೊಲಿಗೆಯಲ್ಲೇ ಒಂದು ಅಂಗಿ ಹೊಲಿದುಕೊಟ್ಟೆ.

ಅವರ ಸ್ವಭಾವ ನಿನಗೆ ಗೊತ್ತಲ್ಲ. ಅಂಗಡಿಯಲ್ಲಿ ಊರ ಉಸಾಬರಿಯೆಲ್ಲ, ಮನೆಗೆ ಬಂದರೆ ಬಾಯಿಗೆ ಬೀಗ. ನಾನು ಬಿಟ್ಟುಹೋದದ್ದೂ ಆ ಬೀಗವನ್ನು ತಾಳಲಾರದೆ. ಈ ಸಲವೂ ಬರೀ "ಹ್ಞೂಂ", "ಬೇಡ" ಅಷ್ಟೆ. ಕಳೆದ ಮಂಗಳವಾರ ಬೆಳಿಗ್ಗೆ ನಾನು ಪಾತ್ರೆ ತೊಳೆಯುತ್ತಿದ್ದಾಗ, ತಾನೇ ಮಾಡಿಕೊಳ್ಳುತ್ತೇನೆಂಬ ಹಟದಲ್ಲಿ ಎರಡೂ ಬ್ಯಾಟರಿ ಕಳಚಿಬಿಟ್ಟರು. ಪೆಟ್ಟಿಗೆ ಕಿರುಚಿಕೊಂಡಿತು. ಓಡಿದೆ. ಮುಖ ಬಿಳಿಚಿಕೊಂಡು, ಎರಡು ಕೈಯಲ್ಲೂ ಬ್ಯಾಟರಿ ಹಿಡಿದು ನಿಂತಿದ್ದರು. ಒದ್ದೆ ಕೈ ಒರೆಸಿಕೊಂಡು ಒಂದನ್ನು ಕೂರಿಸಿದೆ, ಆಮೇಲೆ ಇನ್ನೊಂದನ್ನು. ಹಸಿರು ದೀಪ ಬಂತು.

ಮಂಚದ ಮೇಲೆ ಕುಸಿದು ಕೂತು ಅವರೆಂದರು: "ಅವತ್ತು ನೀನು ಚೀಲ ಹಿಡ್ಕೊಂಡು ಹೊರಟಾಗ, ಹೋಗ್ಬೇಡ ಅಂತ ಕೂಗ್ಬೇಕು ಅನ್ನಿಸ್ತು ಕಣೇ. ಬಾಯೇ ಬರ್ಲಿಲ್ಲ."

"ಇವತ್ತು ನಿಮ್ಮ ಬದ್ಲು ಪೆಟ್ಟಿಗೆ ಕೂಗ್ತಲ್ಲ, ಬಿಡಿ," ಎಂದೆ.

ನಕ್ಕುಬಿಟ್ಟರು, ಪುಟ್ಟಿ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು.

ನಿನ್ನೆ ಕೆಳಗಿಳಿದು ಒಬ್ಬರಿಗೆ ಕೂದಲು ಕತ್ತರಿಸಿದರು. ಇನ್ನೊಬ್ಬರು ಒಳಗೆ ಬಾರದಂತೆ ನಾನು ಬಾಗಿಲಲ್ಲಿ ಕಾವಲಿದ್ದೆ. ಮರಳುವಾಗ ಎಲ್ಲೂ ಕೂರದೆ ಮೆಟ್ಟಿಲು ಹತ್ತಿದರು. ಬಂದವರೇ ಆ ಗಿರಾಕಿಯ ಭಾವಮೈದುನನ ಜಗಳದ ಕಥೆಯನ್ನು ಮೊದಲಿಂದ ಕೊನೆಯವರೆಗೆ ನನಗೆ ಹೇಳಿದರು. ಒಲೆಯ ಮೇಲಿದ್ದದ್ದು ಸೀದುಹೋಯಿತು, ನಾನು ಏಳಲಿಲ್ಲ.

ಪಂಪು ಇನ್ನೆಷ್ಟು ವರ್ಷ ನಡೆಸೀತು ಎಂದು ಡಾಕ್ಟರೂ ಹೇಳಲಾರರು. ಅಪ್ಪನನ್ನು ಕ್ಷಮಿಸೆಂದು ನಿನಗೆ ನಾನು ಹೇಳುವುದಿಲ್ಲ. ಒಮ್ಮೆ ಬಂದು ನೋಡು, ಅಷ್ಟೆ.

ನಿನ್ನ ದಾರಿ ನೋಡುತ್ತಿರುವ
ಅಮ್ಮ

ಬರೆಯಲು ಮರೆತೆ: ನರ್ಸ್ ನನ್ನನ್ನು ಇರಲು ಹೇಳಿದ್ದು ಆರು ವಾರ. ಇದು ಹದಿಮೂರನೆಯದು. ಯಾವಾಗ ಹೋಗುತ್ತೀ ಎಂದು ನಿನ್ನಪ್ಪ ಕೇಳಿಲ್ಲ, ನಾನೂ ಹೇಳಿಲ್ಲ. ನನ್ನ ಹೊಲಿಗೆ ಯಂತ್ರ ನಾಳೆ ಇಲ್ಲಿಗೆ ಬರುತ್ತದೆ.