ಹತ್ತನೇ ಹಾಡು

ತಾರೀಖು ೧೭, ಬುಧವಾರ, ಬೆಳಿಗ್ಗೆ

ನನ್ನ ಮೊಂಡಿ ಮೊಮ್ಮಗಳಿಗೆ ಅಜ್ಜಿಯ ಆಶೀರ್ವಾದ.

ನಾನು ಚೆನ್ನಾಗಿದ್ದೇನೆ, ಮಂಡಿ ಮಾತ್ರ ನನ್ನ ಮಾತು ಕೇಳುವುದಿಲ್ಲ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಕನ್ನಡಕದ ಕಾಲು ಮುರಿದು ಹೋಗಿತ್ತು, ಈಗ ದಾರ ಕಟ್ಟಿಕೊಂಡು ಬರೆಯುತ್ತಿದ್ದೇನೆ. ತಡವಾಯಿತೆಂದು ಮುನಿಸಿಕೊಳ್ಳಬೇಡ. ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದು, ನನಗೆ ತಿಳಿಸಲು ಬರಬೇಡ.

ನಿನ್ನ ಕಾಗದದಲ್ಲಿ ಕ್ಷೇಮಸಮಾಚಾರ ಎರಡು ಸಾಲು, ಬೈಗುಳ ಎರಡು ಪುಟ. "ಅಷ್ಟು ದೊಡ್ಡ ಗಾಯಕ, ಅವರ ಕೊನೇ ಆಲ್ಬಂ, ಅದರಲ್ಲಿ ಅಜ್ಜನ ಮೇಲೆ ಕಟ್ಟಿದ ಹಾಡನ್ನೇ ಅಳಿಸಿಹಾಕಿಸಿದೆಯಲ್ಲ, ನಿನಗೆ ಕರುಳಿದೆಯಾ ಅಜ್ಜಿ" ಎಂದು ಕೇಳಿದ್ದೀಯ. ಬೆಳಗಾದರೆ ಜನರ ಹಲ್ಲು ಕೀಳುವವಳು ನನಗೆ ಕರುಣೆ ಕಲಿಸಲು ಹೊರಟಿದ್ದೀಯ. ಸ್ಟುಡಿಯೋ ಹೆಂಗಸು ನಿನ್ನ ಅಮ್ಮನಿಗೆ ಹೇಳಿ, ನಿನ್ನ ಅಮ್ಮ ನಿನಗೆ ಹೇಳುವಷ್ಟರಲ್ಲಿ ಇಲಿ ಹುಲಿಯಾಗಿದೆ. ನಡೆದದ್ದನ್ನು ನನ್ನಿಂದಲೇ ಕೇಳು.

ಜನ ಅವನನ್ನು ರಾಕ್ ಲೋಕದ ರಾಜ ಎನ್ನುತ್ತಾರೆ. ನನಗೆ ಅವನು ಅಂದಿನಿಂದ ಇಂದಿನವರೆಗೂ ಗುಡುಗಪ್ಪ. ನಮ್ಮ ಹಿತ್ತಲ ಶೆಡ್ಡಿನಲ್ಲಿ ಅವನ ಗಿಟಾರು, ಅವನ ಕೂಗು, ನಿನ್ನ ಅಜ್ಜನ ಡ್ರಮ್ಸ್. ಅವನು ಹಾಡುತ್ತಾ ಹಾಡುತ್ತಾ ತಾಳ ಬಿಟ್ಟು ಮುಂದೆ ಓಡುತ್ತಿದ್ದ, ಅಜ್ಜ ಡ್ರಮ್ಸ್ ಬಾರಿಸಿ ಅವನನ್ನು ಹಿಡಿದು ನಿಲ್ಲಿಸುತ್ತಿದ್ದರು. ಮೊದಲ ಆಲ್ಬಮ್ಮಿಗೆ ಅಜ್ಜ ಹತ್ತು ದಿನ ಬಾರಿಸಿದರು. ಆಮೇಲೆ ಕಂಪನಿಯವರಿಗೆ ಅವರ ಬೋಳು ತಲೆ ಹಿಡಿಸಲಿಲ್ಲವಂತೆ. ಒಂದು ಬೆಳಿಗ್ಗೆ ವ್ಯಾನ್ ಡ್ರೈವರ್ ಬಂದು ಬಾಗಿಲಲ್ಲೇ ನಿಂತು, "ನಾಳೆಯಿಂದ ನೀವು ಬರೋದು ಬೇಡ್ವಂತೆ" ಅಂದ. ಜೊತೆಯಲ್ಲಿ ಉಂಡ ಗೆಳೆಯ ತಾನು ಬರಲಿಲ್ಲ, ಡ್ರೈವರನ ಕೈಲಿ ಹೇಳಿ ಕಳಿಸಿದ. ಕವರಿನ ಮೇಲೆ ಉದ್ದ ಕೂದಲಿನ ಯಾವನದೋ ಮುಖ, ಒಳಗೆ ಕೇಳುವುದೆಲ್ಲ ನಿನ್ನ ಅಜ್ಜನ ಕೈ.

ಅಜ್ಜ ಬಸ್ ಡಿಪೋ ಸೇರಿ ಇಪ್ಪತ್ತೆಂಟು ವರ್ಷ ಟೈರು ಬಿಚ್ಚಿದರು. ಅವನ ಬಗ್ಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಅವರ ಪಾಲಿನದನ್ನೂ ಸೇರಿಸಿ ನಾನೇ ಆಡಿದೆ. ಮನೆಯಲ್ಲಿ ಅವನ ಹೆಸರು ಎತ್ತಿದವರಿಗೆ ಅವತ್ತು ತಟ್ಟೆ ಇಡುತ್ತಿರಲಿಲ್ಲ.

ಅಜ್ಜ ಹೋಗಿ ಒಂದೂವರೆ ವರ್ಷವಾದ ಮೇಲೆ, ಎರಡು ತಿಂಗಳ ಹಿಂದೆ ಒಂದು ಮಧ್ಯಾಹ್ನ, ಗುಡುಗಪ್ಪ ಬಂದ. ಉರಿ ಬಿಸಿಲಲ್ಲಿ ಚರ್ಮದ ಕೋಟು, ಕೂದಲಿಗೆ ಮಸಿಯಂಥ ಬಣ್ಣ, ಮೆಟ್ಟಿಲು ಹತ್ತಲು ಗೋಡೆ ಬೇಕು.

"ಅತ್ತಿಗೆ, ಚೆನ್ನಾಗಿದೀರಾ?"

"ಇದೀನಿ. ನಿನ್ನ ಡ್ರೈವರ್ ಎಲ್ಲಿ? ಇವತ್ತು ನೀನೇ ಬಂದುಬಿಟ್ಟೆ?"

ತಲೆ ತಗ್ಗಿಸಿ ಕೂತ. ಗಂಟಲು ಕೈಕೊಡುತ್ತಿದೆಯಂತೆ, ಇದೇ ಕೊನೆಯ ಆಲ್ಬಂ ಎಂದು ಡಾಕ್ಟರು ಹೇಳಿದ್ದಾರಂತೆ. ಹತ್ತು ಹಾಡು. ಬಾಡಿಗೆಗೆ ತಂದ ಡ್ರಮ್ಸಿನವರು ಮೂವರು ಬಂದು ಹೋದರಂತೆ, ಒಬ್ಬನ ಜೊತೆಗೂ ಹಾಡು ಕೂರಲಿಲ್ಲವಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಶೆಡ್ಡಿನಲ್ಲಿ ಅಜ್ಜ ಒಬ್ಬರೇ ಬಾರಿಸಿ ತುಂಬಿಸಿಟ್ಟ ಟೇಪುಗಳು ನನ್ನ ಟ್ರಂಕಿನಲ್ಲಿವೆ ಎಂದು ಅವನಿಗೆ ಗೊತ್ತಿತ್ತು. ಅದರ ಮೇಲೆ ಹಾಡುತ್ತಾನಂತೆ.

"ಬದುಕಿದ್ದಾಗ ಬೇಡವಾದವರು ಸತ್ತ ಮೇಲೆ ಬೇಕಾದ್ರಾ?" ಅಂದೆ.

"ಬೈಯಿರಿ ಅತ್ತಿಗೆ. ಬೈಸ್ಕೊಳ್ಳೋಕೇ ಬಂದಿದೀನಿ."

"ಬಿಟ್ಟಿ ಬೈಸ್ಕೊಳ್ಳೋಕೆ ಇದೇನು ಧರ್ಮಛತ್ರ ಅಲ್ಲ. ಟೇಪು ಬೇಕಾದ್ರೆ ನಾನೇ ತರ್ತೀನಿ. ನನ್ನ ಮುಂದೆ ಹಾಡು. ಆಮೇಲೆ ಮಾತು."

ಅವನು ಎಡವಿ ಬೀಳುವುದನ್ನು ಕಣ್ಣಾರೆ ನೋಡಬೇಕಿತ್ತು ನನಗೆ. ಸುಳ್ಳು ಯಾಕೆ ಹೇಳಲಿ.

ಸ್ಟುಡಿಯೋ ಅಂದರೆ ಕಿಟಕಿಯಿಲ್ಲದ ಕೋಣೆ. ನೆಲಕ್ಕೆ ಹಾಸುವ ಜಮಖಾನೆಯನ್ನು ಗೋಡೆಗೆ ಹೊಡೆದಿದ್ದಾರೆ. ಗಾಜಿನ ಈಚೆ ರೆಕಾರ್ಡಿಂಗ್ ಮಿಷನ್ನಿನ ಹೆಂಗಸು, ಅವಳ ಪಕ್ಕ ನನಗೊಂದು ಕುರ್ಚಿ. ಮೊದಲು ಬಾಡಿಗೆ ಡ್ರಮ್ಸಿನವರಲ್ಲಿ ಒಬ್ಬನನ್ನು ಮತ್ತೆ ಕರೆಸಿ ಅವನ ಜೊತೆ ಹಾಡಿಸಿದೆ. ನಾಲ್ಕು ಸಲ ಶುರು, ನಾಲ್ಕು ಸಲವೂ ಹಾಡು ಮುಂದೆ, ತಾಳ ಹಿಂದೆ. ಹೆಡ್‌ಫೋನ್ ಕಿತ್ತು ಕೆಳಗಿಟ್ಟು, ಗುಡುಗಪ್ಪ ಬೆವರು ಒರೆಸಿಕೊಂಡ. ಬಣ್ಣ ಕರಗಿ ಕಿವಿಯ ಪಕ್ಕ ಕಪ್ಪಗೆ ಇಳಿದಿತ್ತು. ಹೊಟ್ಟೆ ತಣ್ಣಗಾಯಿತು ಕಣೇ.

ಆಮೇಲೆ ಟೇಪು ಹಾಕಿದರು. ಮೊದಲು ಅಜ್ಜನ ಕೆಮ್ಮು, ಆಮೇಲೆ ಒಂದು ಎರಡು ಮೂರು ಎಂದು ಎಣಿಕೆ, ಆಮೇಲೆ ಕೈ. ಅವನು ಕಣ್ಣು ಮುಚ್ಚಿ ಹಾಡಿದ. ಒಂದೇ ಸಲಕ್ಕೆ ಬಂತು. ಒಂಬತ್ತು ಹಾಡೂ ಹಾಗೇ, ಐದು ದಿನದಲ್ಲಿ ಮುಗಿಯಿತು. ಕಾಲು ನನ್ನನ್ನು ಕೇಳದೆ ತಾಳ ಹಾಕುತ್ತಿತ್ತು, ಸೆರಗು ಎಳೆದು ಮುಚ್ಚಿಕೊಂಡೆ.

ನನ್ನ ಷರತ್ತು ಆಗ ಹೇಳಿದೆ. ಕವರಿನ ಮೇಲೆ ಅಜ್ಜನ ಬೋಳು ತಲೆಯ ಫೋಟೋ ಮುಂದೆ, ಇವನದು ಹಿಂದೆ. ಹೆಸರು ಅವರದು ಮೊದಲು, ಅಕ್ಷರ ಒಂದು ಬೆರಳು ದಪ್ಪ. ಗೋಣು ಆಡಿಸಿದ. ಕೆಮ್ಮು, ಎಣಿಕೆ ಕತ್ತರಿಸಬಾರದು. ಅದಕ್ಕೂ ಆಡಿಸಿದ.

ಆರನೇ ದಿನ ಹತ್ತನೇ ಹಾಡು. ಅದಕ್ಕೆ ಡ್ರಮ್ಸ್ ಇಲ್ಲ, ಗಿಟಾರು ಒಂದೇ. ಗೆಳೆಯನಿಗೆ ತಪ್ಪೊಪ್ಪಿಗೆ. ಬಾಗಿಲಿಗೆ ತಾನು ಬರಲಿಲ್ಲ ಎಂದಿದೆ, ಮುಖ ತೋರಿಸಲಿಲ್ಲ ಎಂದಿದೆ, ಇನ್ನೂ ಏನೇನೋ. ಮಿಷನ್ನಿನ ಹೆಂಗಸು ಮೂಗು ಒರೆಸಿಕೊಂಡಳು. ಬಾಡಿಗೆಯವನೂ ಅತ್ತ.

"ಇದನ್ನ ತೆಗಿ" ಅಂದೆ.

"ಅತ್ತಿಗೆ, ಈ ಆಲ್ಬಂ ಮಾಡಿದ್ದೇ ಈ ಹಾಡಿಗೋಸ್ಕರ."

"ಅದಕ್ಕೇ ತೆಗಿ ಅಂದಿದ್ದು. ಮನೆ ಮುರಿದು, ಮುರಿದೆ ಅಂತ ರಾಗವಾಗಿ ಹೇಳಿದ್ರೆ ಜನ ಚಪ್ಪಾಳೆ ತಟ್ಟಬೇಕಾ? ಕಣ್ಣೀರು ನಿನ್ನದು, ಮನೇಲಿ ಇಟ್ಕೋ. ಇಲ್ಲಾಂದ್ರೆ ಟೇಪು ವಾಪಸ್ ಕೊಡು, ಒಂಬತ್ತೂ ಹೋಗ್ಲಿ."

"ಕ್ಷಮಿಸೋದು ಬೇಡ ಅತ್ತಿಗೆ. ಹೇಳೋಕಾದ್ರೂ ಬಿಡಿ."

"ಬಿಡಲ್ಲ."

ಬಾಯಿ ತೆರೆದ, ಏನೋ ಹೇಳುವವನಿದ್ದ, ನುಂಗಿಕೊಂಡ. ಗಿಟಾರು ಕೆಳಗಿಟ್ಟು, "ಅಳಿಸಮ್ಮ" ಎಂದು ಆ ಹೆಂಗಸಿಗೆ ಹೇಳಿದ. ಪೂರ್ತಿ ಅಳಿಸುವವರೆಗೂ ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಕಾರಿನ ಬಾಗಿಲು ತೆಗೆದುಕೊಟ್ಟು, "ಮಂಡಿ ಜೋಪಾನ ಅತ್ತಿಗೆ" ಅಂದ.

ಇಷ್ಟೇ ನಡೆದದ್ದು. ಮೂವತ್ತೆಂಟು ವರ್ಷದ ಲೆಕ್ಕಕ್ಕೆ ಒಂದು ಹಾಡು ಹೆಚ್ಚೇನಲ್ಲ. ನಿನ್ನ ಅಮ್ಮನೂ ಮಾತು ಬಿಟ್ಟಿದ್ದಾಳೆ. ಹಸಿವಾದರೆ ತಾನೇ ಬರುತ್ತಾಳೆ.

ಊಟ ಬಿಟ್ಟು ಕೆಲಸ ಮಾಡಬೇಡ. ನಿನ್ನ ಕೈಗೆ ಬಂದ ಹಲ್ಲು ನೋವಿಲ್ಲದೆ ಬರಲಿ, ನೂರು ವರ್ಷ ಗಟ್ಟಿಯಾಗಿ ಬಾಳು.

ನಿನ್ನ ಕೆಟ್ಟ ಬಾಯಿಯ
ಅಜ್ಜಿ

ವಿ.ಸೂ. ಕಾಗದ ಮಡಿಸಿ ಮತ್ತೆ ಬಿಚ್ಚಿದೆ. ಇದನ್ನು ನಿನ್ನ ಅಮ್ಮನಿಗೆ ಓದಬೇಡ. ಆ ಹಾಡಿನಲ್ಲಿ ಒಂದು ಸಾಲಿತ್ತು: ಎಡಗೈ ಎರಡು ಬೆರಳಲ್ಲಿ ಮಂಚದ ಕಂಬಿ ಬಡಿದು, ಈಗಲೂ ಓಡ್ತೀಯ ಕಣೋ ಅಂದೆ ನೀನು. ಲಕ್ವ ಹೊಡೆದು ಬಲಗೈ ಬಿದ್ದುಹೋಗಿ ಅಜ್ಜ ಎರಡು ತಿಂಗಳು ಆಸ್ಪತ್ರೆಯಲ್ಲಿದ್ದರಲ್ಲ, ಹಾಗೆ ಎಡಗೈಯಲ್ಲಿ ಬಡಿದದ್ದು ಆ ಮಂಚದ ಮೇಲೆ ಮಾತ್ರ. ಅಲ್ಲಿಂದ ಅವರು ಮನೆಗೆ ಬರಲೇ ಇಲ್ಲ. ದಿನಾ ಬೆಳಿಗ್ಗೆ ಹತ್ತಕ್ಕೆ, "ಮನೆಗೆ ಹೋಗಿ ಸ್ವಲ್ಪ ಮಲಗಿ ಬಾ, ಹನ್ನೆರಡರ ಒಳಗೆ ಬರಬೇಡ" ಎಂದು ತೊದಲುತ್ತಾ ನನ್ನನ್ನು ಅಟ್ಟುತ್ತಿದ್ದರು. ಸಾಯುವ ಹೊತ್ತಲ್ಲೂ ನನ್ನದೇ ಚಿಂತೆ ಇವರಿಗೆ ಎಂದು ಅಕ್ಕಪಕ್ಕದವರ ಮುಂದೆ ಹೇಳಿಕೊಂಡು ಮೆರೆದೆ. ಆ ಹೊತ್ತಿಗೆ ಗುಡುಗಪ್ಪ ಬರುತ್ತಿದ್ದ ಕಣೇ. ನನ್ನ ನಾಲಿಗೆಗೆ ಹೆದರಿ ಇಬ್ಬರೂ ಮುಚ್ಚಿಟ್ಟರು. ಅವರು ಯಾವತ್ತೋ ಆರಿಸಿದ ಒಲೆಯನ್ನು ನಾನೊಬ್ಬಳೇ ಊದುತ್ತಾ ಕೂತಿದ್ದೆ. ನಾನು ಅಷ್ಟು ಅಂದರೂ, ಹಾಡನ್ನೇ ಅಳಿಸಿದರೂ, "ನಿಮ್ಮವರು ನನ್ನನ್ನ ಯಾವತ್ತೋ ಕ್ಷಮಿಸಿದ್ರು" ಎನ್ನುವ ಒಂದು ಮಾತು ಅವನ ಬಾಯಿಂದ ಬರಲಿಲ್ಲ. ಬಾಯಿ ಬಿಡುವುದಿಲ್ಲ ಎಂದು ಸತ್ತವರಿಗೆ ಕೊಟ್ಟ ಮಾತು ಉಳಿಸಿಕೊಂಡ, ಅದೂ ನನ್ನ ಮುಂದೆ. ಅದನ್ನು ಮಾತ್ರ ನಾನು ಅವನಿಗೆ ಕ್ಷಮಿಸುವುದಿಲ್ಲ.