ಗೋಡೆಯಿಲ್ಲದ ಮನೆಯ ಬಾಗಿಲು

ಮಾರ್ಚ್ ೧೪, ಗುರುವಾರ

ಒದ್ದೆ ಬಟ್ಟೆಯಲ್ಲಿ ಎಷ್ಟು ಒರೆಸಿದರೂ ಶೂಗಳ ಧೂಳು ಹೋಗುತ್ತಿಲ್ಲ. ಪರದೇಶ ನೋಡಲೆಂದು ಬಂದವರು ಭೂಕಂಪಕ್ಕೆ ಕುಸಿದ ಊರಲ್ಲಿ ಇಡೀ ದಿನ ಕಾಲೆಳೆದುಕೊಂಡು ಸುತ್ತಿದೆವು. ಒಂದು ಮನೆಯ ಗೋಡೆಗಳೆಲ್ಲ ಬಿದ್ದು ಮುಂಬಾಗಿಲು ಮಾತ್ರ ನಿಂತಿತ್ತು. ನಾನು ಫೋಟೊ ತೆಗೆಯುತ್ತ ಇಟ್ಟಿಗೆ ರಾಶಿ ದಾಟಿ ಒಳಗೆ ಹೋದೆ. ಅತ್ತೆ ಚಪ್ಪಲಿ ಬಿಟ್ಟು ಬಾಗಿಲು ತಟ್ಟಿದರು.

"ಗೋಡೆನೇ ಇಲ್ಲ, ಯಾಕಜ್ಜಿ ತಟ್ತೀಯ?" ಮಗಳು ನಕ್ಕಳು.

"ಮನೆಯವರು ಇದ್ದಾರಲ್ಲೇ, ಸುಮ್ನಿರು."

ಒಲೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ ಹೆಂಗಸನ್ನು ನಾನು ಆಗಲೇ ನೋಡಿದ್ದು. ಆಕೆ ಎದ್ದು ಕೂದಲು ಸರಿಮಾಡಿಕೊಂಡರು, ಚಿಲಕ ತೆಗೆದರು, ಅತ್ತೆಯ ಕೈಹಿಡಿದು ಒಳಗೆ ಕರೆದುಕೊಂಡರು. ನಾನು ಶೂ ಹಾಕಿಕೊಂಡೇ ಅವರ ಅಡುಗೆಮನೆಯ ನಡುವೆ ನಿಂತಿದ್ದೆ, ಹೊರಗೆ ಹೋಗಿ ಬಾಗಿಲಿನಿಂದ ಬರಬೇಕೋ ಏನೋ ಒಂದೂ ತೋಚದೆ.

ಇನ್ನು ಒರೆಸಲಾರೆ.